ಬಾವಿಯ ಪಾಠ

ಹೊನ್ನಾವರ
24 ಡಿಸೆಂಬರ್ 2023, ರವಿವಾರ

ಅಮೀನ ಕಾಕಾ,

ಗೊಳಸಂಗಿಯಲ್ಲಿ ನಿಮ್ಮ ಮನೆಯ ಮುಂದಿನಿಂದ ವ್ಯಾನು ಹೊರಟಾಗ ನೀವು ಕಿವಿ ಮುಟ್ಟಿಕೊಂಡು ತಲೆಯಾಡಿಸಿ, ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಿರಿ. ಫೋನು ಕೇಳಿಸುವುದಿಲ್ಲ, ಬರೆ ಎಂದು. ನಿಮ್ಮ ಮಗ ಬರೆಯುವ ಪೈಕಿ ಅಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅಫ್ತಾಬ ಈಗ ಲಾಡ್ಜಿನ ಅಂಗಳದಲ್ಲಿ ವ್ಯಾನಿನ ಗಾಜು ಒರೆಸುತ್ತಿದ್ದಾನೆ. ಉಪ್ಪುಗಾಳಿ ಗಾಡಿಯನ್ನು ತಿನ್ನುತ್ತದೆ ಎಂದು ದಿನಕ್ಕೆ ಎರಡು ಸಲ ಒರೆಸುತ್ತಾನೆ.

ಮುದ್ದೇಬಿಹಾಳದ ನಮ್ಮ ಕಾಲೇಜಿನ ಹನ್ನೊಂದು ಜನರೂ ಕ್ಷೇಮ. ಇವತ್ತು ಮುಂಜಾನೆ ಶರಾವತಿ ಸಮುದ್ರ ಸೇರುವ ಕಡೆ ಕಯಾಕ್ ಎಂಬ ಸಣ್ಣ ದೋಣಿ ನಡೆಸಿದೆವು. ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕಬೇಕು. ನೀರಿನಲ್ಲೇ ಬೇರು ಊರಿ ನಿಂತ ಕಾಂಡ್ಲಾ ಗಿಡಗಳ ನಡುವೆ ಓಣಿಯಂಥ ದಾರಿ. ಒಂದು ನೀರುನಾಯಿ ತಲೆಯೆತ್ತಿ ನಮ್ಮನ್ನು ನೋಡಿ, ನೋಡುವಂಥದ್ದೇನೂ ಇಲ್ಲ ಎಂಬಂತೆ ಮುಳುಗಿತು. ಭೌತಶಾಸ್ತ್ರದ ಕೌಸ್ತುಭ ಸರ್ ಅವರ ದೋಣಿ ಮಾತ್ರ ನಿಂತಲ್ಲೇ ಸುತ್ತುತ್ತಿತ್ತು. ಅಫ್ತಾಬ ದಂಡೆಯಿಂದ ಕೂಗಿದ: "ಸರ, ಗಾಣದ ಎತ್ತಿನಂಗ ತಿರಗಾಕತ್ತೀರಲ್ರಿ, ಎಣ್ಣಿ ಎಷ್ಟು ಬಂತ್ರಿ?"

"ನೀ ಗಾಡಿ ಹೊಡಿಯೂದು ನೋಡಪಾ. ಎರಡು ಸಲ ದಾರಿ ತಪ್ಪಿಸೀದಿ."

"ತಪ್ಪಿಸಿಲ್ರಿ. ಪುಕ್ಕಟ ಎರಡು ಊರು ಹೆಚ್ಚಿಗಿ ತೋರಿಸೇನಿ."

ನಾಳೆ ಮುರುಡೇಶ್ವರದಿಂದ ದೋಣಿಯಲ್ಲಿ ಒಂದು ದ್ವೀಪಕ್ಕೆ ಹೋಗುತ್ತೇವೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನೊಳಗೆ ಇಳಿಸುತ್ತಾರೆ. ಆಮೆ, ಬಣ್ಣದ ಮೀನು, ಅದೃಷ್ಟವಿದ್ದರೆ ಇನ್ನೂ ದೊಡ್ಡವು ಕಾಣುತ್ತವಂತೆ. ಇಳಿಯುವ ಆರು ಜನರಲ್ಲಿ ನನ್ನ ಹೆಸರೂ ಇದೆ. ಇವತ್ತು ಮಧ್ಯಾಹ್ನ ಒಂದು ಕೊಳದಲ್ಲಿ ಅರ್ಧ ದಿನ ಕಲಿಸಿದರು. ಕಾಕಾ, ನೀವು ನಗುತ್ತೀರಿ: ಇವರ ಪಾಠ ನಿಮ್ಮ ಪಾಠಕ್ಕೆ ಪೂರ್ತಿ ಉಲ್ಟಾ. ಉಸಿರು ಹಿಡಿಯಲೇಬಾರದು, ಎಳೆದು ಬಿಡುತ್ತಲೇ ಇರಬೇಕು ಎನ್ನುತ್ತಾರೆ. ನಿಮ್ಮ ಬಾವಿಯಲ್ಲಿ ಹಾಗೆ ಮಾಡಿದ್ದರೆ ತಲೆಗೆ ಮೊಟಕುತ್ತಿದ್ದಿರಿ.

ಅಫ್ತಾಬನಿಗೆ ಹೇಳಿದರೆ, "ನೀ ಇಳೀತಿ? ನಮ್ಮ ಬಾವ್ಯಾಗ ಎರಡನೇ ಮೆಟ್ಟಲದ ಮ್ಯಾಲ ಕುಂತು ಅಳ್ತಿದ್ದಿ" ಎಂದ. ಅದು ನಿಜ. ನೀವು ನೂರಾ ಇಪ್ಪತ್ತು ಎಣಿಸುವ ತನಕ ಅವನು ತಳದಲ್ಲಿದ್ದು, ಹಿತ್ತಾಳೆ ಚರಿಗೆ ಹಿಡಿದು ಮೇಲೆ ಬರುತ್ತಿದ್ದುದೂ ನಿಜ.

ನಿಮ್ಮ ಬಾವಿಯ ಹುಡುಗ,
ಪಾರ್ಥ


ಮಂಗಳೂರು
30 ಡಿಸೆಂಬರ್ 2023

ಅಮೀನ ಕಾಕಾ,

ನಜಮಾ ಅಕ್ಕ ನಿಮಗೆ ವಿಷಯ ಬರೆದು ತೋರಿಸಿರಬೇಕು. ಅಫ್ತಾಬನಿಗೆ ನೀರಿನಲ್ಲಿ ಅಪಘಾತವಾಯಿತು. ಸೋಮವಾರ ಹನ್ನೊಂದು ಗಂಟೆಗೆ. ಇಂಥ ಅಪಘಾತಕ್ಕೆ ಬೇಕಾದ, ಗಾಳಿಯ ಒತ್ತಡ ಏರಿಸುವ ಕೋಣೆ ಇರುವ ಆಸ್ಪತ್ರೆ ತಲುಪುವಾಗ ಏಳು ತಾಸು ಕಳೆದಿತ್ತು. ಜೀವಕ್ಕೆ ಭಯವಿಲ್ಲ ಎಂದು ನಿನ್ನೆ ಹೇಳಿದರು. ಬಲಗೈ, ಬಲಗಾಲು ಅಲುಗುತ್ತಿಲ್ಲ. ಮಾತು ಬರುತ್ತಿಲ್ಲ. ಜನರನ್ನು ಗುರುತಿಸುತ್ತಾನೆ.

ಗಾಳಿ ಕೊಡುವ ಯಂತ್ರ ನೀರಿನಲ್ಲಿ ಕೈಕೊಟ್ಟಿತಂತೆ.

ಯಾಸ್ಮಿನ ಬಂದಿದ್ದಾಳೆ, ಹಗಲು ರಾತ್ರಿ ಗಂಡನ ಪಕ್ಕದಲ್ಲಿದ್ದಾಳೆ. ಅವರ ಮಗಳು ಪೀರಬಿ ನಿಮ್ಮ ಹತ್ತಿರ ಇರುವುದೇ ಒಳ್ಳೆಯದು. ಉಳಿದವರನ್ನು ಬೇರೆ ಡ್ರೈವರು ಊರಿಗೆ ಕರೆದುಕೊಂಡು ಹೋದ. ನಾನು ರಜೆ ಹಾಕಿ ಇಲ್ಲಿದ್ದೇನೆ.

ಪಾರ್ಥ


ಗೊಳಸಂಗಿ
7 ಜನವರಿ 2024

ತಮ್ಮಾ ಪಾರ್ಥ,

ನಿನ್ನ ಕಾಗದ ಮುಟ್ಟ್ಯಾವು. ಭೂತಗನ್ನಡಿ ಹಿಡದು ಮೂರು ಸಲ ಓದೇನಿ. ಕೈ ನಡಗತಾವಂತ ನಜಮಾ ಬರಿಯಾಕತ್ತಾಳ. ನಾ ಹೇಳಿದಂಗ ಬರಿ, ಸಾಲಿ ಮಾಸ್ತರಕಿ ಮಾಡಿ ತಿದ್ದಬ್ಯಾಡ ಅಂದೇನಿ.

ಆ ಯಂತ್ರ ಕಟ್ಟಿದಾಂವ ಯಾರು? ಹೆಸರು ಬರಿ. ಅವನ ಅಪ್ಪನ ಹೆಸರೂ ಬರಿ. ಸಿಂದಗಿಯೊಳಗ ನಮ್ಮ ನಬಿಲಾಲ ಅದಾನ, ವಕೀಲರ ಹಂತೇಲಿ ಕೆಲಸ ಮಾಡ್ತಾನ. ಅರ್ಜಿ ಬರಿತಾನ. ಒಬ್ಬರ ಮಗನ ಬೆನ್ನಿಗಿ ಕೆಟ್ಟ ಯಂತ್ರ ಕಟ್ಟಿ ನೀರಾಗ ದೂಡೂದಂದ್ರ ಏನು?

ನನ್ನ ಮಗ ನೀರಾಗ ಕೆಡಾಂವಲ್ಲ. ಅದು ನಿನಗೂ ಗೊತ್ತೈತಿ. ಗೊಳಸಂಗಿ, ಮುಳವಾಡ ಎರಡೂ ಊರಾಗ ಬಾವಿಗಿ ಕೊಡ ಬಿದ್ರ ಪಾತಾಳಗರಡಿ ಇಳಿಬಿಡತಿದ್ದಿಲ್ಲ, ನನ್ನ ಕರೀತಿದ್ರು. ನನ್ನ ಕಿವಿ ಹ್ವಾದ ಮ್ಯಾಲ ಅವನ ಕರೀತಿದ್ರು. ಯಂತ್ರ ಕೈ ಕೊಟ್ರೂ ಅಂವ ಜೀವಂತ ಮ್ಯಾಲ ಬಂದಾನಂದ್ರ ಯಾಕ? ಎದಿಯಾಗ ನಾ ತುಂಬಿಸಿದ ಉಸಿರಿತ್ತು, ಅದಕ್ಕ. ಇದನ್ನ ಅಲ್ಲಿ ಡಾಕ್ಟರಗ ಹೇಳು.

ಅಮೀನುದ್ದೀನ

ಪಾರ್ಥ, ಇದು ನನ್ನ ಮಾತು. ಅಬ್ಬಾ ದಿನಾಲೂ ಮಸೀದಿ ಕಟ್ಟೆಯ ಮೇಲೆ ಬಂದವರಿಗೆಲ್ಲ ಈ ಕೊನೆಯ ಸಂಗತಿಯನ್ನೇ ಹೇಳುತ್ತಾರೆ. ಹೇಳಿದ ದಿನ ಒಂದು ರೊಟ್ಟಿ ತಿನ್ನುತ್ತಾರೆ. ಯಾಸ್ಮಿನ ಫೋನಿನಲ್ಲಿ ಏನೋ ನುಂಗಿಕೊಂಡು ಮಾತಾಡುತ್ತಾಳೆ. ನನಗೆ ಬರೆಯುವುದಿದ್ದರೆ ನನ್ನ ಶಾಲೆಯ ವಿಳಾಸಕ್ಕೆ ಬರೆ.

ನಜಮಾ


ಮುದ್ದೇಬಿಹಾಳ
15 ಜನವರಿ 2024

ನಜಮಾ ಅಕ್ಕ,

ಕಾಲೇಜಿಗೆ ಮರಳಿದ್ದೇನೆ. ಶನಿವಾರ ಸಂಜೆಯ ಬಸ್ಸಿಗೆ ಮಂಗಳೂರಿಗೆ ಹೋಗಿ ಸೋಮವಾರ ಮುಂಜಾನೆ ಬರುತ್ತೇನೆ. ನೀನು ಕೇಳಿದ್ದನ್ನು ಬರೆಯುತ್ತೇನೆ. ಮೂರು ಹಾಳೆ ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು.

ಯಂತ್ರ ಕೆಟ್ಟಿರಲಿಲ್ಲ. ಪೊಲೀಸರ ಎದುರಿಗೆ ಪರೀಕ್ಷಿಸಿದರು, ಸರಿಯಾಗಿತ್ತು.

ಇಳಿಯಬೇಕಾದವನು ನಾನು. ದ್ವೀಪದ ಹತ್ತಿರ ದೋಣಿ ನಿಂತಾಗ ಬಂಡೆಯ ಮೇಲಿಂದ ಬಿಳಿಹೊಟ್ಟೆಯ ಹದ್ದೊಂದು ಎದ್ದಿತು, ಎಲ್ಲರೂ ಅದನ್ನು ನೋಡಿದರು. ನಾನು ನೀರನ್ನು ನೋಡುತ್ತಿದ್ದೆ. ತಳ ಕಾಣುತ್ತಿತ್ತು, ಅದಕ್ಕೇ ಹೆದರಿಕೆಯಾಯಿತು. ಹೊಟ್ಟೆ ಕೆಟ್ಟಿದೆ ಎಂದೆ. ಅಫ್ತಾಬ ನಕ್ಕ: "ಎರಡನೇ ಮೆಟ್ಟಲ." ಅವನು ದೋಣಿಗೆ ಬಂದಿದ್ದು ಸುಮ್ಮನೆ ನೋಡಲು. ನಾನೇ ಹೇಳಿದೆ, ನನ್ನ ಬದಲಿಗೆ ಇವನು ಇಳಿಯಲಿ ಎಂದು.

ಇಳಿಸುವವನ ಹೆಸರು ಅಣ್ಣಪ್ಪ ಮೊಗೇರ. ಮೂವತ್ತೆರಡು ವರ್ಷ, ಎರಡು ಮಕ್ಕಳು. ಆಗುವುದಿಲ್ಲ ಎಂದ. ಕೊಳದಲ್ಲಿ ಕಲಿಯದವರನ್ನು ಇಳಿಸುವುದಿಲ್ಲ ಎಂದು ಎರಡು ಸಲ ಹೇಳಿದ. ನಾನು ಒತ್ತಾಯ ಮಾಡಿದೆ. ಇವನ ತಂದೆ ನಮ್ಮ ಕಡೆಯ ಎಲ್ಲ ಬಾವಿಗಳ ತಳ ನೋಡಿದವರು, ಇವನು ನಡೆಯುವ ಮೊದಲೇ ಈಜಿದವನು ಎಂದೆ. ಸುಳ್ಳು ಒಂದೂ ಹೇಳಲಿಲ್ಲ. ಉಳಿದವರೂ ದನಿಗೂಡಿಸಿದರು. ಇಳಿಯುವವರ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು ಅವನ ಹೆಸರು ಬರೆದವನೂ ನಾನೇ. ಅಣ್ಣಪ್ಪ ದೋಣಿಯಲ್ಲೇ ಹತ್ತು ನಿಮಿಷ ಕಲಿಸಿದ. ಉಸಿರು ಹಿಡಿಯಬೇಡಿ ಎಂದು ಮೂರು ಸಲ ಹೇಳಿದ. "ಹೂಂರಿ, ಹೂಂರಿ" ಎಂದ ಅಫ್ತಾಬ.

ಎಂಟು ಮೀಟರ್ ಆಳದಲ್ಲಿ ಒಂದು ಆಮೆ ಬಂತಂತೆ. ಅಫ್ತಾಬ ಅದರ ಕಡೆ ತಿರುಗಿದಾಗ, ಕಣ್ಣು ಮೂಗು ಮುಚ್ಚುವಂತೆ ಕಟ್ಟಿದ ಕನ್ನಡಕದೊಳಗೆ ನೀರು ನುಗ್ಗಿತು. ಕಣ್ಣಿಗೆ, ಮೂಗಿಗೆ ಉಪ್ಪುನೀರು. ಆಗ ಅವನು ಮಾಡಿದ್ದು ಬಾವಿಯಲ್ಲಿ ಮಾಡುತ್ತಿದ್ದುದನ್ನು. ಬಾಯೊಳಗಿನ ನಳಿಕೆ ತೆಗೆದ, ಬಾಯಿ ಬಿಗಿದ, ಅಣ್ಣಪ್ಪನ ಕೈ ಕೊಡವಿ ನೆಟ್ಟಗೆ ಮೇಲೆ ಬಂದ.

ಕೌಸ್ತುಭ ಸರ್ ನನಗೆ ಲೆಕ್ಕ ಹೇಳಿದರು. ಬಾವಿಗೆ ಇಳಿಯುವವನು ಉಸಿರನ್ನು ಮೇಲಿನಿಂದ ಒಯ್ಯುತ್ತಾನೆ. ಅದು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಇಲ್ಲಿ ಅವನು ಆಳದಲ್ಲೇ ಎದೆ ತುಂಬಿಕೊಂಡಿದ್ದ. ಆ ಒಂದು ಉಸಿರು ಮೇಲೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ಉಸಿರಾಗುತ್ತದೆ. ಬಿಡದಿದ್ದರೆ ಪುಪ್ಪುಸ ಹರಿದು ಗಾಳಿ ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಮೆದುಳಿಗೆ. ಅವನು ಮೇಲೆ ಬಂದು ನನ್ನನ್ನು ನೋಡಿ ನಕ್ಕ. ಆಮೇಲೆ ಬಾಯಿ ಒಂದು ಕಡೆಗೆ ಜಾರಿತು.

ಇದನ್ನು ಕಾಕಾಗೆ ಹೇಗೆ ಬರೆಯಲಿ? ನಿಮ್ಮ ಮಗ ನಿಮ್ಮ ಪಾಠವನ್ನು ಮರೆಯಲಿಲ್ಲ, ಅದಕ್ಕೇ ಹೀಗಾಯಿತು ಎಂದು ಬರೆಯಲೇ? ಆ ದಿನ ಪೆನ್ನು ಹಿಡಿದಾಗ ಯಂತ್ರ ಎಂಬ ಮಾತು ತಾನಾಗಿ ಬಂತು. ಯಂತ್ರಕ್ಕೆ ನೋವಾಗುವುದಿಲ್ಲ ಎಂದುಕೊಂಡೆ. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂಬುದನ್ನು ಯೋಚಿಸಲಿಲ್ಲ. ಅಣ್ಣಪ್ಪನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಕಾಕಾ ಅರ್ಜಿ ಕೊಟ್ಟರೆ ಅವನು ಜೈಲಿಗೂ ಹೋಗಬಹುದು.

ನೀನು ಹೇಳಿದಂತೆ ಮಾಡುತ್ತೇನೆ.

ಪಾರ್ಥ


ಗೊಳಸಂಗಿ
22 ಜನವರಿ 2024

ಪಾರ್ಥ,

ನಿನ್ನ ಪತ್ರವನ್ನು ಶಾಲೆಯ ಅಡಿಗೆಮನೆಯ ಒಲೆಗೆ ಹಾಕಿದೆ.

ನೀನು ತಡ ಮಾಡಿದೆ. ಅರ್ಜಿ ಹೋಗಿ ಆರು ದಿನವಾಯಿತು. ನಬಿಲಾಲ ಅಲ್ಲಿಗೆ ಫೋನು ಮಾಡಿ ಆ ಮನುಷ್ಯನ ಹೆಸರು ತಿಳಿದುಕೊಂಡ. ಬರೆದವಳು ನಾನು. "ಕೆಟ್ಟುಹೋದ ಯಂತ್ರವನ್ನು ತಿಳಿದೂ ತಿಳಿದೂ ಕಟ್ಟಿದ್ದರಿಂದ" ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದಿದ್ದೇನೆ. ಅಬ್ಬಾ ಸಹಿ ಹಾಕುವಾಗ ಕೈ ನಡುಗಲಿಲ್ಲ.

ನಾನೂ ಅದೇ ಬಾವಿಯಲ್ಲಿ ಕಲಿತವಳು. ನಿನ್ನ ಪತ್ರ ಓದುವಾಗ, ಅವನು ಬಾಯಿ ಬಿಗಿದ ಸಾಲಿನಲ್ಲಿ ನಾನೂ ಉಸಿರು ಹಿಡಿದಿದ್ದೆ.

ಅವರಿಗೆ ಎಪ್ಪತ್ತಾರು. ಹೇಳಬೇಡ ಎಂದರೆ ಅಣ್ಣಪ್ಪನ ಮಕ್ಕಳ ಪಾಪ ನನಗೆ. ಹೇಳು ಎಂದರೆ ಅಬ್ಬಾನನ್ನು ನಾನೇ ಬಾವಿಗೆ ದೂಡಿದ ಹಾಗೆ. ಹೇಳಿದಂತೆ ಮಾಡುತ್ತೇನೆ ಎಂದು ಬರೆದಿದ್ದೀಯಲ್ಲ, ನೀನು ಬಿಟ್ಟ ಜಾಗಕ್ಕೆ ಈ ಸಲ ನನ್ನನ್ನು ಇಳಿಸಬೇಡ.

ಮುದ್ದೇಬಿಹಾಳದಿಂದ ನಮ್ಮೂರಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಆದರೂ ನೀನು ಅಂಚೆಯಲ್ಲೇ ಬರುತ್ತೀ.

ನಜಮಾ


ಗೊಳಸಂಗಿ
5 ಫೆಬ್ರುವರಿ 2024

ತಮ್ಮಾ ಪಾರ್ಥ,

ಪೊಲೀಸರ ಕಾಗದ ಬಂತು. ದೋಣ್ಯಾಗ ಇದ್ದವರ ಹೇಳಿಕಿ ಬೇಕಂತ. ನೀ ಹೋಗು. ನೀ ಕಾಲೇಜಿನ್ಯಾಗ ಕಲಸಾಂವ, ನಿನ್ನ ಮಾತಿಗಿ ತೂಕ ಐತಿ. ಅಂವ ಅಣ್ಣಪ್ಪ ಏನು ಮಾಡಿದ ಎಲ್ಲಾ ಹೇಳಿ ಬಾ.

ಅಫ್ತಾಬ ಈಗ ಹೆಂಗದಾನ? ನಿನ್ನ ಕಾಗದದಾಗ ಬರೇ "ಸುಧಾರಿಸುತ್ತಿದ್ದಾನೆ" ಅಂತಿರತೈತಿ. ಯಾವ ಬೆರಳು ಅಲಗಿತು, ಏನು ಉಂಡ, ಅದನ್ನ ಬರಿ. ಇಂಡಿ ಲಿಂಬಿಕಾಯಿ ಉಪ್ಪಿನಕಾಯಿ, ಶೇಂಗಾ ಹಿಂಡಿ ಕಳಿಸೇನಿ. ಯಾಸ್ಮಿನಗ ಹೇಳು, ಭಾಳ ಖಾರ ಹಚ್ಚಬ್ಯಾಡ.

ಒಂದು ಮಾತು ಅವಗ ಓದಿ ಹೇಳು. ಔಷಧದಾಗ ಏನೂ ಇಲ್ಲ. ಮುಂಜಾನೆ ಎದ್ದ ಕೂಡ್ಲೇ ಎದಿ ತುಂಬ ಉಸಿರು ಹಿಡಿ. ಮೊದಲ ಇಪ್ಪತ್ತು, ಆಮ್ಯಾಲ ನಲವತ್ತು. ಹಿಡದಂಗ ಹಿಡದಂಗ ಎದಿ ಗಟ್ಟಿ ಆಗ್ತದ, ಎದಿ ಗಟ್ಟಿ ಆದ್ರ ಕೈಕಾಲು ತಾವ ಏಳತಾವ. ಎಣಸಾಕ ನಾ ಇಲ್ಲ. ಪಾರ್ಥ, ನೀ ಎಣಸು.

ಅಮೀನುದ್ದೀನ


ಮುದ್ದೇಬಿಹಾಳ
13 ಫೆಬ್ರುವರಿ 2024

ಅಮೀನ ಕಾಕಾ,

ರವಿವಾರ ನಿಮ್ಮ ಪತ್ರವನ್ನು ಅಫ್ತಾಬನಿಗೆ ಓದಿದೆ. ಯಾಸ್ಮಿನ ಚಹಾ ತರಲು ಹೋಗಿದ್ದಳು. ಕೊನೆಯ ಸಾಲು ಮುಗಿಯುವ ಮೊದಲೇ ಅವನು ಎದೆ ತುಂಬಿಕೊಂಡು, ತುಟಿ ಬಿಗಿದು, ನನ್ನನ್ನೇ ನೋಡತೊಡಗಿದ. ನಾನು ಎಣಿಸಲೆಂದು ಕಾಯುತ್ತಿದ್ದ. ನಾನು ಎಣಿಸಲಿಲ್ಲ. ಬಿಡು ಎಂದೆ. ಅವನು ಬಿಡಲಿಲ್ಲ. ನಿಮ್ಮ ಮಾತಿನ ಮುಂದೆ ನನ್ನ ಮಾತು ಅವನಿಗೆ ಎಂದೂ ದೊಡ್ಡದಲ್ಲ. ನರ್ಸ್ ಓಡಿ ಬಂದು ಬೆನ್ನು ತಟ್ಟಿ ಬಿಡಿಸಿದರು. ಅವನ ಪುಪ್ಪುಸ ಇನ್ನೂ ಪೂರ್ತಿ ಕೂಡಿಲ್ಲ. ಉಸಿರು ಹಿಡಿಯುವುದು ಅವನಿಗೆ ವಿಷ. ಆದ್ದರಿಂದ ಇದನ್ನು ಬರೆಯಲೇಬೇಕಾಗಿದೆ.

ಯಂತ್ರ ಕೆಟ್ಟಿತು ಎಂದು ನಾನು ಸುಳ್ಳು ಬರೆದೆ. ಯಂತ್ರ ಸರಿಯಾಗಿತ್ತು. ಕನ್ನಡಕದಲ್ಲಿ ನೀರು ಬಂದಾಗ ಅಫ್ತಾಬ ಉಸಿರು ಹಿಡಿದು ಮೇಲೆ ಬಂದ. ಸಿಲಿಂಡರಿನ ಗಾಳಿ ಎಳೆದವನು ಹಾಗೆ ಬರಬಾರದು, ಬಂದರೆ ಎದೆಯ ಗಾಳಿ ಹಿಗ್ಗಿ ಒಳಗೆ ಹರಿಯುತ್ತದೆ. ಅವನನ್ನು ಇಳಿಸುವುದಿಲ್ಲ ಎಂದು ಅಣ್ಣಪ್ಪ ಹೇಳಿದ್ದ. ನಾನು ನಿಮ್ಮ ಹೆಸರು ಹೇಳಿ ಒಪ್ಪಿಸಿದೆ. ಇಳಿಯಬೇಕಾದವನು ನಾನು, ಹೆದರಿ ಕೂತೆ. ನಿನ್ನೆ ಠಾಣೆಯಲ್ಲಿ ಇಷ್ಟನ್ನೂ ಹೇಳಿ ಸಹಿ ಹಾಕಿದ್ದೇನೆ. ಬರೆದುಕೊಂಡವರು ಒಮ್ಮೆ ತಲೆಯೆತ್ತಿ, "ಹಾಗಾದರೆ ತಪ್ಪು ಯಾರದ್ದು ಮಾರಾಯ್ರೆ?" ಎಂದು ಕೇಳಿದರು. ಕೇಳಿದ್ದು ಕಾಗದಕ್ಕಾಗಿ.

ನಿಮ್ಮ ಪಾಠ ತಪ್ಪಲ್ಲ ಕಾಕಾ. ಬಾವಿಯಲ್ಲಿ ಅದೇ ಸರಿ. ನಾನು ಇಳಿದಿದ್ದರೂ ಅದನ್ನೇ ಮಾಡುತ್ತಿದ್ದೆ. ಅರ್ಧ ದಿನ ಕಲಿತದ್ದು ನಿಮ್ಮೆದುರು ನಿಲ್ಲುತ್ತಿರಲಿಲ್ಲ.

ಎಡಗೈಯಲ್ಲಿ ಚಮಚ ಹಿಡಿಯುತ್ತಾನೆ. ಶೇಂಗಾ ಹಿಂಡಿ ಹಚ್ಚಿ ಎರಡು ಇಡ್ಲಿ ತಿಂದ.

ಪಾರ್ಥ


ಮುದ್ದೇಬಿಹಾಳ
18 ಮಾರ್ಚ್ 2024

ಅಮೀನ ಕಾಕಾ,

ಒಂದು ತಿಂಗಳಾಯಿತು, ನಿಮ್ಮಿಂದ ಅಕ್ಷರವಿಲ್ಲ. ಕೇಳುವ ಹಕ್ಕು ನನಗಿಲ್ಲ.

ಏಪ್ರಿಲ್ ಮೊದಲ ವಾರ ಅಫ್ತಾಬನನ್ನು ಮನೆಗೆ ಕಳಿಸುತ್ತಾರೆ. ಇನ್ನು ಮುಂದಿನದು ಬಸವನ ಬಾಗೇವಾಡಿಯಲ್ಲಿ ವ್ಯಾಯಾಮ ಮಾಡಿಸಿದರೂ ಅಷ್ಟೇ ಎಂದರು. ಅಷ್ಟೇ ಎಂದರೆ ಎಷ್ಟು ಎಂದು ಯಾಸ್ಮಿನ ಕೇಳಿದಳು. ಡಾಕ್ಟರು ಅವಳ ಕಾಗದಗಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿಕೊಟ್ಟರು.

ಅಣ್ಣಪ್ಪ ಈಗ ಮೀನುದೋಣಿಗೆ ಹೋಗುತ್ತಾನಂತೆ. ಪ್ರಕರಣ ಇನ್ನೂ ಇದೆ.

ಮನೆಯ ತನಕ ಬಂದು ಬಿಟ್ಟು ಹೋಗಲೇ? ನೀವು ಹೂಂ ಎಂದರೆ ಮಾತ್ರ.

ಪಾರ್ಥ


ಗೊಳಸಂಗಿ
28 ಏಪ್ರಿಲ್ 2024

ಪಾರ್ಥ,

ಅಂವ ಬಂದು ಮೂರು ವಾರ ಆತು. ನೀ ಬರಲಿಲ್ಲ, ನಾ ಕರೀಲಿಲ್ಲ. ಎರಡೂ ಇರಲಿ.

ನಿನ್ನ ಹೊನ್ನಾವರದ ಕಾಗದ, ಮಂಗಳೂರ ಕಾಗದ ಎರಡೂ ಒಂದ ದಿನ ಬಂದಿದ್ವು. ಒಂದರಾಗ ಉಸಿರು ಹಿಡೀಬಾರದು ಅಂತ ಇತ್ತು, ಇನ್ನೊಂದರಾಗ ಯಂತ್ರ ಕೆಟ್ಟಿತು ಅಂತ. ನಾ ಐವತ್ತು ವರ್ಷ ನೀರಾಗ ಮುಳುಗಿದಾಂವ. ಅಂವ ಉಸಿರು ಹಿಡದಾನಂತ ಆ ದಿನಾನ ತಿಳೀತು. ತಿಳೀತು ಅಂತ ಯಾರಿಗಿ ಹೇಳ್ಲಿ, ಯಾಸ್ಮಿನಗ ಹೇಳ್ಲಿ? ನೀ ಯಂತ್ರ ಅಂದಿ. ಮುಳಗಾಂವ ಹುಲ್ಲು ಹಿಡೀತಾನಲ್ಲ, ನಾ ಒಬ್ಬ ಮನಷ್ಯಾನ ಕುತ್ತಿಗಿ ಹಿಡದೆ. ಉಸಿರು ಹಿಡಿ ಅಂತ ಬರಿಸಿದ್ದೂ ಖರೇ ನಂಬಿ ಅಲ್ಲ. ಇನ್ನೊಮ್ಮೆ ಹೇಳಿ ನೋಡಿದೆ, ಈ ಸಲನಾರ ಸರಿ ಆಗ್ಲಿ ಅಂತ.

ಅರ್ಜಿ ವಾಪಸ ತಗೋತೇನಿ ಅಂತ ಬರೆದು ಕಳಿಸೇನಿ. ಇನ್ನ ಅದು ನಮ್ಮ ಕೈಯಾಗ ಇಲ್ಲ ಅಂತ ನಬಿಲಾಲ ಹೇಳಿದ.

ಅಮೀನುದ್ದೀನ

ಪಾರ್ಥ, ಇನ್ನು ನಾನು ಕಂಡದ್ದು.

ಪೀರಬಿಗೆ ಹತ್ತು ವರ್ಷ, ನಿನಗೆ ನೆನಪಿರಬಹುದು. ಬೇಸಿಗೆ ರಜೆ, ಈ ವರ್ಷ ಈಜು ಕಲಿಸಲೇಬೇಕು ಎಂದು ವಾರದಿಂದ ಅವಳ ಹಟ. "ಮುತ್ಯಾ, ಊರಾಗ ಎಲ್ಲಾರಿಗಿ ಕಲಿಸಿದಿ, ನನಗ ಅಷ್ಟ ಯಾಕ ಇಲ್ಲ?" ಎಂದು ಕಾಗದದ ಚೂರಿನಲ್ಲಿ ಬರೆದು ಅಬ್ಬಾನ ತಟ್ಟೆಯ ಕೆಳಗೆ ಇಡುತ್ತಿದ್ದಳು. ನಿನ್ನೆ ಅಬ್ಬಾ ಎದ್ದರು. ಅಫ್ತಾಬನನ್ನು ಹೊರಸಿನ ಮೇಲೆ ಕೂಡಿಸಿ ನಾನು, ಯಾಸ್ಮಿನ ಇಬ್ಬರೂ ಎತ್ತಿಕೊಂಡು ಬಾವಿಯ ದಂಡೆಗೆ ತಂದೆವು. ಅವನೂ ನೋಡಲಿ ಎಂದು.

ಒಂದು ತಾಸು ಕೈಕಾಲು ಬಡಿಯುವುದನ್ನು ಕಲಿಸಿದರು. ಬೇಗ ಕಲಿತಳು, ಅವಳ ಅಪ್ಪನ ಹಾಗೆ. ಆಮೇಲೆ ಮುಳುಗುತ್ತೇನೆ ಎಂದು ಸನ್ನೆ ಮಾಡಿ, ಅಬ್ಬಾ ಕೈ ಎತ್ತುವುದರೊಳಗೆ ಎದೆ ತುಂಬಿಕೊಂಡು ಒಳಗೆ ಹೋದಳು. ಅಬ್ಬಾ ಅಭ್ಯಾಸಬಲದಿಂದ ಎಣಿಸತೊಡಗಿದರು, ತಮಗೆ ಕೇಳಿಸದ್ದರಿಂದ ಊರಿಗೇ ಕೇಳಿಸುವಂತೆ. ಒಂಬತ್ತಕ್ಕೆ ದನಿ ನಿಂತಿತು. "ಬಿಡ, ಉಸಿರು ಬಿಡ!" ಎಂದು ಕೂಗಿದರು. ನೀರಿನೊಳಗೆ ಅವಳಿಗೆ ಏನು ಕೇಳಬೇಕು? ಅಂಗಿ ಧೋತರದಲ್ಲೇ ಧುಮುಕಿದರು. ಎಪ್ಪತ್ತಾರು ವರ್ಷದ ಮನುಷ್ಯ. ಜುಟ್ಟು ಹಿಡಿದು ಎಳೆದು ತಂದು ಮೆಟ್ಟಿಲ ಮೇಲೆ ಹಾಕಿ, ಬಾಯಿ ಬಿಡಿಸಿ, ಎದೆ ಒತ್ತಿದರು. ಹುಡುಗಿಗೆ ಏನೂ ಆಗಿರಲಿಲ್ಲ. ನೋವಿಗೂ ಸಿಟ್ಟಿಗೂ ಅಳುತ್ತಿದ್ದಳು.

"ನನ್ನ ಹಂತೇಲಿ ಇನ್ನ ಭಾಳ ಉಸಿರಿತ್ತು, ಮುತ್ಯಾ! ಇನ್ನ ಭಾಳ ಇತ್ತು!"

ಅವರಿಗೆ ಅದು ಕೇಳಿಸಲಿಲ್ಲ. ನಾನು ಬರೆದು ತೋರಿಸಲೂ ಇಲ್ಲ.

ತಿರುಗಿ ನೋಡಿದೆ. ಅಫ್ತಾಬ ಹೊರಸಿನ ಮೇಲೆ ನೀರನ್ನೇ ನೋಡುತ್ತ ಕೂತಿದ್ದ. ಮಗಳನ್ನು ಮೇಲೆ ತಂದದ್ದು ಅವನ ಗಮನಕ್ಕೆ ಬಂದಿರಲಿಲ್ಲವೋ, ಬಂದೂ ನಿಲ್ಲಿಸಲಾಗಲಿಲ್ಲವೋ ಗೊತ್ತಿಲ್ಲ. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಇನ್ನೂ ಎಣಿಸುತ್ತಿದ್ದ.

ನಜಮಾ